ಹಳ್ಳದಾಚೆಗೆ ಬೀಳುವ ಚೆಂಡು

ಕ್ರೇಗ್‌ಬರ್ನ್,
ಬುಧವಾರ, 17 ಸೆಪ್ಟೆಂಬರ್

ನನ್ನ ಹಟಮಾರಿ ಲಾಕಿಗೆ,

ಫೋನು ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಹರಿದು ಹಾಕುವೆಯೋ ಏನೋ, ಆದರೆ ಓದದೆ ಹರಿಯುವವನಲ್ಲ ನೀನು.

ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ. ಕೂರಲಾಗುತ್ತಿಲ್ಲ. ನೀನು ಹೋದಂದಿನಿಂದ ಹೀಗೇ. ಚಹಾಕ್ಕೆ ನೀರಿಡುತ್ತೇನೆ, ಕುದಿಯುವ ಮೊದಲೇ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ನಾಯಿಯನ್ನು ತಿರುಗಾಡಲು ಕರೆದರೆ ಸೋಫಾದಡಿ ಅವಿತುಕೊಳ್ಳುತ್ತದೆ. ಅದಕ್ಕೂ ನನ್ನ ಅಲೆದಾಟ ಸಾಕಾಗಿದೆ. ಗಾಲ್ಫ್ ಬಯಲಿನಲ್ಲಿ ಚೆಂಡು ಹೊಡೆಯಲು ನಿಲ್ಲುವ ಮೂರನೆಯ ಕಟ್ಟೆಯಲ್ಲಿ ನಿಂತರೆ ಸಮುದ್ರದಾಚೆ ಆರನ್ ದ್ವೀಪ ಕಾಣುತ್ತದಲ್ಲ, ಅಲ್ಲಿ ನಿನ್ನ ತಮ್ಮ ಡೂಗಿಯ ಮನೆಯಲ್ಲಿ ನೀನು ಮುಖ ಊದಿಸಿಕೊಂಡು ಕೂತಿದ್ದೀಯ ಎಂದು ಗೊತ್ತಿದ್ದೂ, ಮಂಜು ಸರಿದಾಗಲೆಲ್ಲ ಕಣ್ಣು ಕಿರಿದು ಮಾಡಿ ನೋಡುತ್ತೇನೆ. ಏನು ಕಾಣುತ್ತದೆ, ನಿನ್ನ ಟೋಪಿಯೇ?

ನಾನು ಮಾಡಿದ್ದು ಏನೆಂದು ನನಗೆ ಗೊತ್ತು. ನಮ್ಮ ಕ್ಲಬ್ಬಿನಲ್ಲಿ ಹಿಂದಿನ ಕಟ್ಟೆಯಿಂದ ಹೊಡೆದ ಚೆಂಡು ಮೂರನೆಯ ಕಟ್ಟೆಯೆದುರಿನ ಹಳ್ಳ ದಾಟದೆ ಹೋಗತೊಡಗಿದರೆ, ಮುದುಕ ಒಂದು ದಿನ ತಾನಾಗಿಯೇ ಬಂದು, ಚೆಂಡು ಇಡುವ ಮರದ ಗೂಟವನ್ನು ಬಾರಿನ ಮೇಲಿರುವ ಭರಣಿಗೆ ಹಾಕುತ್ತಾನೆ. ಎಲ್ಲರಿಗೂ ವಿಸ್ಕಿ ಕುಡಿಸುತ್ತಾನೆ. ಅಂದಿನಿಂದ ಹಳ್ಳಕ್ಕೆ ಹತ್ತಿರದ, ಹೆಂಗಸರೂ ಮುದುಕರೂ ಹೊಡೆಯುವ ಮುಂದಿನ ಕಟ್ಟೆಯಿಂದ ಆಡುತ್ತಾನೆ. ಹಾಕು ಎಂದು ಮಾತ್ರ ಯಾರೂ ಹೇಳಕೂಡದು. ಹಳ್ಳದ ಬಾತುಕೋಳಿಗಳಿಗೆಲ್ಲ ಚೆಂಡು ದಾನ ಮಾಡಿದ ನಮ್ಮ ಮುದುಕ ವುಲಿಗೂ ಇವತ್ತಿನವರೆಗೆ ಯಾರೂ ಹೇಳಿಲ್ಲ. ನಾನು ಹೇಳಿದೆ, ನಿನ್ನ ಹೆಂಡತಿ, ಬಾರು ತುಂಬ ಜನರಿದ್ದಾಗ: "ಸಾಕು ಮಾಡೋ ಲಾಕಿ, ಹಾಕ್ಬಿಡು ಆ ಗೂಟಾನ." ನೀನು ಟೋಪಿ ತಲೆಗಿಟ್ಟು ಎದ್ದು ಹೋದೆ. ಮರುದಿನ ಹಡಗು ಹತ್ತಿದೆ.

ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ವುಲಿ ಬ್ರೆಡ್ಡಿನಂಗಡಿಯ ಮುಂದೆ ಅಡ್ಡ ನಿಂತು, "ಏನಮ್ಮಾ ಎಫಿ, ಗೂಟ ಹಾಕು ಅಂತ ಗಂಡನ್ನೇ ಭರಣಿಗೆ ಹಾಕಿ ಮುಚ್ಚಳ ಮುಚ್ಚಿದ್ಯಂತೆ?" ಎಂದ. "ಮುಂದಿನ ಸರದಿ ನಿಂದೇ, ಆದ್ರೆ ನಿನ್ ಹೊಟ್ಟೆ ಹಿಡಿಸೋ ಭರಣಿ ಸಿಗಬೇಕಲ್ಲೋ" ಎಂದೆ. ಹೊಟ್ಟೆ ಕುಣಿಸಿ ನಕ್ಕ. ನಾನೂ ನಕ್ಕೆ. ಮನೆಗೆ ಬಂದು ಅತ್ತುಬಿಟ್ಟೆ.

ಯಾಕೆ ಹೇಳಿದೆ ಎಂದು ನೀನು ಕೇಳಲೇ ಇಲ್ಲ. ಅದೇ ದಿನ ಮಧ್ಯಾಹ್ನ, ಬಾರಿಗೆ ಬರುವ ಮೊದಲು, ಮೂರನೆಯ ಕಟ್ಟೆಯಲ್ಲಿ ನೀನು ಇದ್ದಬದ್ದ ಬಲವನ್ನೆಲ್ಲ ಹಾಕಿ ಬೀಸಿದೆ. ಚೆಂಡು ಹಳ್ಳಕ್ಕೆ ಬಿತ್ತಂತೆ, ನಾನು ಚೆಂಡನ್ನು ನೋಡಲಿಲ್ಲ. ನೀನು ಮಂಡಿಯೂರಿ ಕೂತಿದ್ದೆ. ಎಡಗೈ ಎದೆಯ ಮೇಲಿತ್ತು, ಮುಖದಲ್ಲಿ ರಕ್ತವಿರಲಿಲ್ಲ. "ಲೇಸ್ ಬಿಚ್ಕೊಂಡಿತ್ತು ಕಣೇ" ಎಂದೆ ನೀನು. ಆ ಷೂಗೆ ಲೇಸೇ ಇಲ್ಲ ಲಾಕಿ. ನಿನಗೆ ಬಗ್ಗಲು ಕಷ್ಟವೆಂದು ಅಂಟುವ ಪಟ್ಟಿಯದನ್ನು ನಾನೇ ಆರಿಸಿ ತಂದಿದ್ದೆ. ನನಗೆ ಹೆದರಿಕೆಯಾಯಿತು. ಈಗಲೂ ಹೆದರಿಕೆಯೇ. ಹಳ್ಳದಾಚೆಗೆ ಬೀಳುವ ಒಂದು ಚೆಂಡಿಗಾಗಿ ನೀನು ಈಚೆಯಲ್ಲೇ ಬಿದ್ದುಹೋದರೆ ನಾನು ಯಾರ ಜೊತೆ ಜಗಳವಾಡಿಕೊಂಡು ಬದುಕಲಿ?

ಆಡಬೇಡ ಎನ್ನುತ್ತಿಲ್ಲ. ಗುದ್ದಬೇಡ ಎನ್ನುತ್ತಿದ್ದೇನೆ. ನಿನ್ನ ಹೊಡೆತ ಗಿಡ್ಡವಾದದ್ದು ಬಲ ಹೋಗಿ ಅಲ್ಲ, ಸೊಂಟ ಬಿಗಿದು. ಸೊಂಟ ತಿರುಗದಿದ್ದಾಗ ತೋಳಿಂದ ದಬ್ಬುತ್ತೀಯ. ಬಲಗಾಲನ್ನು ತುಸು ಹಿಂದಕ್ಕಿಡು. ಕೋಲು ಹಿಂದೆ ಹೋಗುವಾಗ ಎಡ ಹಿಮ್ಮಡಿ ಏಳುವುದಾದರೆ ಏಳಲಿ, ಚರ್ಚಿನಲ್ಲಿ ನಿಂತವನ ಹಾಗೆ ನೆಲಕ್ಕೆ ಒತ್ತಿ ಹಿಡಿಯಬೇಡ. ಗೂಟ ಎತ್ತರಕ್ಕಿರಲಿ. ಕೋಲಿನ ಕತ್ತು ಹಿಸುಕಬೇಡ. ಇದನ್ನೆಲ್ಲ ನಾನು ಹಿತ್ತಲಲ್ಲಿ ಪೊರಕೆ ತಿರುವಿ ಹಿಡಿದು ಬೀಸಿ ನೋಡಿದ್ದೇನೆ: ಗಾಳಿಯ ಸುಂಯ್ ಎಂಬ ಸದ್ದು ಚೆಂಡಿನ ಜಾಗ ದಾಟಿದ ಮೇಲೆ ಏಳಬೇಕು, ನಿನಗೆ ಅದು ಭುಜದ ಹತ್ತಿರವೇ ಮುಗಿದುಹೋಗುತ್ತದೆ. ಪಕ್ಕದ ಮನೆಯ ಜೀನಿ ಬೇಲಿಯ ಮೇಲಿಂದ ಇಣುಕಿ, "ಅಲ್ಲಮ್ಮ, ಗಂಡ ವಾಪಸ್ ಬಂದ್ರೆ ಹೊಡಿಯೋಕೆ ಈಗ್ಲೇ ಅಭ್ಯಾಸಾನಾ?" ಎಂದು ಕೇಳಿದಳು. ಹೌದು ಎಂದೆ.

ಶನಿವಾರ ಜೋಡಿ ಕಪ್. ಮದುವೆಯಾದ ವರ್ಷದಿಂದ ನಾವು ತಪ್ಪಿಸಿಲ್ಲ, ಮಗಳು ಹೊಟ್ಟೆಯಲ್ಲಿದ್ದಾಗಲೂ. ಒಂದೇ ಚೆಂಡು, ಒಂದು ಹೊಡೆತ ನಿನ್ನದು, ಒಂದು ನನ್ನದು. ಹೆಂಡತಿ ಸತ್ತ ಕ್ಯಾಪ್ಟನ್ ಫರ್ಗಸ್ ನಿನ್ನೆ ಮೀಸೆ ತೀಡುತ್ತ, "ಲಾಕಿ ಬರ್ದೇ ಇದ್ರೆ ನಾನಿದ್ದೀನಲ್ಲ" ಎಂದ. ನಿನ್ನ ಹೆಸರನ್ನೇ ಬರೆಸಿ ಬಂದಿದ್ದೇನೆ. ನೀನು ಬರದಿದ್ದರೆ ನಾನೂ ಆಡುವುದಿಲ್ಲ.

ಜೋಡಿ ಆಟದ ಮೊದಲ ನಿಯಮ ನಿನಗೂ ಗೊತ್ತು. ಕೆಟ್ಟ ಹೊಡೆತ ಹೊಡೆದವರು ಜೊತೆಗಾರರ ಕ್ಷಮೆ ಕೇಳಬಾರದು, ಸುಮ್ಮನೆ ನಡೆಯಬೇಕು. ಬಾಯಿ ತಪ್ಪಿ ಕೇಳಿದವರು ಆ ಸಂಜೆ ಪಾತ್ರೆ ತೊಳೆಯಬೇಕೆಂದು ನಮ್ಮ ಮನೆಯಲ್ಲಿ ಕಟ್ಟು ಮಾಡಿದ್ದು ನೀನೇ. ಇಬ್ಬರೂ ಎಂಥ ಮೊಂಡರೆಂದರೆ ಪ್ರತಿ ವರ್ಷ ಆ ಸಂಜೆಯ ಪಾತ್ರೆ ಮರುದಿನದವರೆಗೆ ಹಾಗೇ ಬಿದ್ದಿರುತ್ತದೆ. ಆದ್ದರಿಂದ ನಾನು ಕ್ಷಮೆ ಕೇಳುತ್ತಿಲ್ಲ.

ಶುಕ್ರವಾರ ಬೆಳಗಿನ ಹಡಗಿಗೆ ಬಾ. ಮಧ್ಯಾಹ್ನ ಡಾಕ್ಟರ ಬಳಿ ಹೋಗುವುದಕ್ಕೆ ಸಮಯ ಕೇಳಿ ಇಟ್ಟಿದ್ದೇನೆ. ಅವರು ಆಡಬಹುದು ಎಂದರೆ ಆಡೋಣ. ಬೇಡ ಎಂದರೆ ಬೇಲಿಗೊರಗಿ ನಿಂತು ವುಲಿಯ ಹೊಡೆತಕ್ಕೆ ನಗೋಣ. ಎರಡೂ ನನಗೆ ಒಂದೇ, ಪಕ್ಕದಲ್ಲಿ ನೀನಿದ್ದರೆ.

ಕಾಯುತ್ತಿರುವ, ಆದರೆ ಕಾಯುತ್ತ ಕೂರಲಾರದ,
ನಿನ್ನ ಎಫಿ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಡೂಗಿಯ ಫೋನು ಬಂತು. ನಿನ್ನೆ ನೀನು ಹೊಡೆದ ಚೆಂಡು ಕಲ್ಲುಗೋಡೆ ದಾಟಿ ಪಕ್ಕದ ಹೊಲದ ಕುರಿಗಳ ನಡುವೆ ಬಿತ್ತಂತೆ. "ನೋಡೋ, ಇದು ಗಂಡಸಿನ ತೋಳು! ಎಫಿಗೆ ಹೇಳು ಹೋಗು" ಎಂದೆಯಂತೆ. ಹೇಳಿದ. ಈಗ ನಿನ್ನ ಜೊತೆ ಒಯ್ದಿರುವ ಆ ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ಹಿಡಿಯ ಕೆಳಗೆ ಸುತ್ತಿರುವ ಕಪ್ಪು ಪಟ್ಟಿಯನ್ನು ಸುಲಿದು ನೋಡು. 'ಹೆಂಗಸರಿಗೆ' ಎಂದು ಬರೆದಿದೆ. ಮೇ ತಿಂಗಳಲ್ಲಿ ನೀನು ಕಣ್ಣಿನ ಪೊರೆ ತೆಗೆಸಲು ಹೋಗಿದ್ದಾಗ ಕೋಲಿನ ತಲೆ ಹಾಗೇ ಇಟ್ಟು ಅದರ ದಂಡವನ್ನು ನಾನೇ ಬದಲಾಯಿಸಿದೆ. ಹಗುರವಾದದ್ದು, ಬಾಗುತ್ತದೆ, ಮೆಲ್ಲಗೆ ಬೀಸಿದರೆ ದೂರ ಹೋಗುತ್ತದೆ. ಜೂನ್‌ನಲ್ಲಿ ಚೆಂಡು ಹಳ್ಳ ದಾಟಿತೆಂದು ಟೋಪಿ ಎಸೆದು ಕುಣಿದೆಯಲ್ಲ, ಅದೂ ಇದೇ ಕೋಲಿನಿಂದ. ಹೇಳಿದ್ದರೆ ನೀನು ಮುಟ್ಟುತ್ತಿರಲಿಲ್ಲ. ಎರಡು ಕೋಪವನ್ನೂ ಒಟ್ಟಿಗೇ ಮುಗಿಸಿಕೊಂಡು ಹಡಗು ಹತ್ತು. ಶುಕ್ರವಾರದ ಪಾತ್ರೆ ನಾನು ತೊಳೆಯುತ್ತೇನೆ.