ರೇಡಿಯೊ ಮುಳ್ಳಿನ ದಾರ

ಗದಗ, ಮೇಲೂರು
ಎರಡನೆಯ ಶ್ರಾವಣದ ನಲವತ್ತೊಂದನೆಯ ದಿನ
ರೇಡಿಯೊ ನಿಲಯಗಳು ಮೌನವಾದ ನೂರ ಹದಿನಾರನೆಯ ವರ್ಷ

ಮಂದಾಕಿನಿ ಅಜ್ಜಿಯವರಿಗೆ ಶರಣು ಶರಣಾರ್ಥಿಗಳು.

ನಿಮಗಿನ್ನೂ ಮೂವತ್ತು ದಾಟಿಲ್ಲ. ಅಜ್ಜಿ ಎಂದಿದ್ದಕ್ಕೆ ಸಿಟ್ಟಾಗಬೇಡಿ. ನಾನು ಹೊನ್ನಾಂಬೆ, ನಿಮ್ಮ ಮಗನ ಮರಿಮಗಳ ಮಗಳು. ಆ ಮಗ ಇನ್ನೂ ಹುಟ್ಟಿಲ್ಲ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತಿದ್ದೇನೆ. ಮಾತು ಒರಟಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ತಂದೆಯ ಹಳೆಯ ರೇಡಿಯೊ ಈಗ ನಮ್ಮ ಮನೆಯಲ್ಲಿದೆ. ನಮ್ಮ ಕಾಲದ ಗಾಳಿಯಲ್ಲಿ ಒಂದು ನಿಲಯವೂ ಇಲ್ಲ. ಆದರೂ ಸಂಜೆಯಾದರೆ ಓಣಿಯಲ್ಲಿ ಸರದಿ ಬಂದ ಮನೆಯವರು ರೇಡಿಯೊ ಹಚ್ಚಿ, ಬರಿಯ ಗೊರಗೊರ ಕೇಳುತ್ತ ಕೂರಬೇಕು. ಎಲ್ಲಿಂದಲಾದರೂ ಯಾರಾದರೂ ಮಾತಾಡಿಯಾರು ಎಂಬ ಆಸೆ. ಇದನ್ನು ಕಿವಿಪಾಳಿ ಎನ್ನುತ್ತೇವೆ. ಒಗ್ಗರಣೆಯ ಸದ್ದಿನಲ್ಲಿ ಆ ಮಾತು ತಪ್ಪಿಹೋದೀತೆಂದು ಪಾಳಿಯ ಮನೆಯಲ್ಲಿ ಅಂದು ಒಲೆ ಹಚ್ಚುವುದಿಲ್ಲ. ನೆರೆಯವರೇ ರೊಟ್ಟಿ, ಪಲ್ಯ ಕಳಿಸುತ್ತಾರೆ.

ನಮ್ಮ ಪಾಳಿ ಬಂದಾಗ, ನಿಲಯದ ಅಂಕಿ ತೋರಿಸುವ ಮುಳ್ಳನ್ನು ಎಳೆಯುವ ದಾರ ತುಂಡಾಯಿತು. ಹೊಸದನ್ನು ಹಾಕಲು ಕೂತೆ. ಆ ಕೆಲಸ ನಿಮಗೆ ಗೊತ್ತಾಗಲಿದೆ: ದಾರವನ್ನು ಎರಡೂ ಕೈಯಿಂದ ಬಿಗಿಹಿಡಿದು ಪುಟ್ಟ ಗಾಲಿಗಳಿಗೆ ಸುತ್ತುತ್ತ ಹೋಗಬೇಕು, ತುಸು ಸಡಿಲಬಿಟ್ಟರೆ ಎಲ್ಲ ಬಿಚ್ಚಿಕೊಂಡು ಮತ್ತೆ ಮೊದಲಿನಿಂದ ಶುರು. ನಾನು ಒಂದು ಸುತ್ತು ಕಡಿಮೆ ಹಾಕಿಬಿಟ್ಟೆ. ಮುಳ್ಳು ಕೊನೆಯ ಅಂಕಿಯನ್ನೂ ದಾಟಿ, ಏನೂ ಬರೆಯದ ಜಾಗದಲ್ಲಿ ಹೋಗಿ ನಿಂತಿತು. ಮುಳ್ಳು ಎಲ್ಲಿ ನಿಂತರೂ ಧ್ವನಿ ಬದಲಾಗಬಾರದು, ಅದು ಬರೀ ತೋರಿಸುವ ಕಡ್ಡಿ. ಆದರೆ ಬದಲಾಯಿತು.

ಮೊದಲು ರೇಡಿಯೊದೊಳಗಿಂದ ದಾರ ಗಾಲಿಗೆ ಉಜ್ಜುವ ಸದ್ದು ಕೇಳಿತು. ಆಮೇಲೆ ಕದ ಬಡಿದ ಸದ್ದು, ಒಂದು ಎಳೆಯ ದನಿ: "ಅವ್ವಾ, ಬಾಗಲಾ ತಗಿ." ಅದಕ್ಕೆ ಹೆಂಗಸಿನ ಉತ್ತರ: "ತಡಿ ಚಿನ್ನಿ, ಕೈ ಬಿಟ್ಟರ ದಾರ ಎಲ್ಲಾ ಬಿಚ್ಚಿ ಹೋಗತೈತಿ." ಮಗು ಮತ್ತೆ ಬಡಿಯಿತು. ಕುರ್ಚಿ ಸರಿಯಿತು, ಹೆಜ್ಜೆಗಳು ಬಾಗಿಲ ಕಡೆ ಹೊರಟವು, ಅರ್ಧಕ್ಕೇ ನಿಂತವು. "ಯಾರದು?" ಎಂದಿತು ಹೆಂಗಸಿನ ದನಿ. ಹೆಜ್ಜೆಗಳು ಹಿಂದಿರುಗಿದವು. ಎಷ್ಟೋ ಹೊತ್ತಿನ ಮೇಲೆ ಅಗಳಿ ತೆಗೆದ ಸದ್ದಾಯಿತು. ಅಲ್ಲಿಂದ ಮುಂದೆ ಅದೇ ದನಿ ಚಿನ್ನೀ, ಚಿನ್ನೀ ಎಂದು ಕೂಗುತ್ತ ಹೋಯಿತು. ಅದಕ್ಕೆ ಯಾರೂ ಓಗೊಡಲಿಲ್ಲ.

ನಮ್ಮ ಮನೆತನದಲ್ಲಿ ಹಗಲು ಹೊತ್ತು ಯಾರೂ ಅಗಳಿ ಹಾಕುವುದಿಲ್ಲ. ಯಾಕೆಂದು ಕೇಳಿದರೆ ದೊಡ್ಡವರು, ನಿಮ್ಮ ಮಗಳು ಚಿನ್ನಿ ಚಿಕ್ಕಂದಿನಲ್ಲೇ ಕಾಣೆಯಾದಳು ಎಂದಷ್ಟೇ ಹೇಳಿ ಮಾತು ಹಾರಿಸುತ್ತಿದ್ದರು. ಈಗ ತಿಳಿಯಿತು. ಮನೆಬಾಗಿಲಿಂದ ಹೋದ ನಿಮ್ಮ ಚಿನ್ನಿ ಮತ್ತೆ ಸಿಗಲೇ ಇಲ್ಲ.

ಪಾಳಿ ಮುಗಿದ ಮೇಲೂ ಸಂಜೆ ರೇಡಿಯೊ ಹಚ್ಚಿದರೆ ಆ ಸದ್ದು ದಿನವೂ ಹಾಗೇ ಬರತೊಡಗಿತು. ಆ "ಯಾರದು?" ಯಾರಿಗೆ ಹೇಳಿದ್ದೋ ಎಂದು ತಲೆ ಕೆಡಿಸಿಕೊಂಡಿದ್ದೆ. ನಿನ್ನೆ ಮಗು ಎರಡನೆಯ ಸಲ ಬಡಿದಾಗ ತಡೆಯಲಾರದೆ, "ಅಜ್ಜೀ, ಬಾಗಲಾ ತಗೀರಿ!" ಎಂದು ರೇಡಿಯೊಗೆ ಬಾಯಿಟ್ಟು ಕಿರುಚಿಬಿಟ್ಟೆ. ಹೆಜ್ಜೆಗಳು ನಿಂತವು. ದಿನವೂ ಬರುತ್ತಿದ್ದ ಅದೇ ಜಾಗದಲ್ಲಿ, ಅದೇ ದನಿಯಲ್ಲಿ "ಯಾರದು?" ಎಂದು ಬಂತು. ಮೊದಲ ದಿನದಿಂದಲೂ ನೀವು "ಯಾರದು?" ಎಂದದ್ದು ನನ್ನ ಈ ಕೂಗಿಗೇ. ನೀವು ಬಾಗಿಲಿಗೇ ಹೊರಟಿದ್ದಿರಿ. ಹಿಂದಕ್ಕೆ ಕರೆದವಳು ನಾನು.

ಈ ಕಾಗದವನ್ನು ರೇಡಿಯೊದ ಹಿಂಬದಿಯ ಮುಚ್ಚಳದೊಳಗೆ ಇಡುತ್ತಿದ್ದೇನೆ. ನನ್ನ ದನಿ ಬಂದ ದಾರಿಯಲ್ಲಿ ಇದೂ ಬಂದು, ದಾರ ಹಾಕಲು ನೀವು ಮುಚ್ಚಳ ಬಿಚ್ಚಿದಾಗ ಸಿಗಲಿ. ಚಿನ್ನಿಯನ್ನು ಕಳೆದುಕೊಂಡ ದುಃಖದಲ್ಲಿ ನೀವು ಹೆತ್ತ ಮಗನ ಕುಡಿ ನಾನು. ಅವಳು ಉಳಿದರೆ ನಾನು ಹುಟ್ಟುತ್ತೇನೋ ಇಲ್ಲವೋ, ಗೊತ್ತಿಲ್ಲ. ಹೆದರಿಕೆಯಾಗುತ್ತದೆ. ಆದರೆ ಆ ಕೂಗನ್ನು ಇನ್ನೊಂದು ಸಂಜೆ ಕೇಳಲಾರೆ.

ಅಜ್ಜಿ, ಮಗು ಕದ ಬಡಿದರೆ ದಾರ ಬಿಟ್ಟುಬಿಡಿ, ಬಿಚ್ಚಿಹೋದರೆ ಹೋಗಲಿ. ಬೆನ್ನ ಹಿಂದೆ ರೇಡಿಯೊದೊಳಗಿಂದ ಯಾರೋ ನಿಮ್ಮನ್ನು ಅಜ್ಜೀ ಎಂದು ಕೂಗುತ್ತಾರೆ. ತಿರುಗಿ ನೋಡಬೇಡಿ.