ಮೂರು ಪೆನ್ ಟಾರ್ಚು, ಒಂದು ಎಡಗಣ್ಣು

ಗುರುವಾರ, ಮಾರ್ಚ್ ೧೨

ಎಡಗಣ್ಣಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತಿದೆ. ಆದರೂ ಬಲಗಣ್ಣು ಮುಚ್ಚಿ ಮತ್ತೆ ಮತ್ತೆ ನೋಡುತ್ತಿದ್ದೇನೆ.

ನನ್ನ ಅಂಗಡಿಯಲ್ಲಿ ಯಾವುದನ್ನು ಮಾರಲಿ ಎಂದು ನೋಡಲು ಮೂರು ಬಗೆಯ ಪೆನ್ ಟಾರ್ಚು ಮನೆಗೆ ತಂದಿದ್ದೆ. ಜೇಬಿಗೆ ಸಿಕ್ಕಿಸಿ ನೋಡಿದೆ, ನೆಲಕ್ಕೆ ಬೀಳಿಸಿ ನೋಡಿದೆ. ನರ್ಸ್ ಆಗಿರುವ ಹೆಂಡತಿಯ ಪರೀಕ್ಷೆಯೇ ಬೇರೆ, ಬೆಳಕನ್ನು ನೇರ ನನ್ನ ಕಣ್ಣಿಗೇ ಬಿಟ್ಟಳು.

"ಬಾಯಂತೂ ಸುಮ್ನಿರಲ್ಲ, ಕಣ್ಣಾದ್ರೂ ಸುಮ್ನಿರ್ಲಿ ರೀ."

ಬೆಳಕಿಗೆ ಬಲಗಣ್ಣಿನ ಪಾಪೆ ಕುಗ್ಗಿತಂತೆ. ಎಡಗಣ್ಣಿನದು ಕುಗ್ಗಲೇ ಇಲ್ಲವಂತೆ.

"ಟಾರ್ಚೇ ಸರಿಯಿಲ್ಲ, ಬೇರೆದು ತಗೊಳ್ಳೇ," ಎಂದೆ. ಮೂರನ್ನೂ ಬಿಟ್ಟು ನೋಡಿದಳು. ಮೂರಕ್ಕೂ ಎಡಗಣ್ಣಿನದು ಹಾಗೇ ಇತ್ತಂತೆ. ಆಮೇಲೆ ನಗಲಿಲ್ಲ.

"ಬೆಳಿಗ್ಗೆ ಡಾಕ್ಟರ್ ಹತ್ರ ಹೋಗೋಣ."

ಮಾಲು ಕೆಟ್ಟಿದೆ ಎಂದು ವಾಪಸ್ ಕಳಿಸಿಯೇ ಬದುಕಿದವನು ನಾನು. ಮೂರೂ ಒಟ್ಟಿಗೆ ಕೆಡುವುದಿಲ್ಲ, ಅದೂ ಗೊತ್ತು.

ಈಗ ಮಲಗಿದಂತೆ ನಟಿಸುತ್ತಿದ್ದಾಳೆ. ಒಂದು ಟಾರ್ಚು ಮುಷ್ಟಿಯಲ್ಲೇ ಇದೆ. ನನಗೆ ನಿದ್ದೆ ಹತ್ತಿದರೆ ರೆಪ್ಪೆ ಎತ್ತಿ ಮತ್ತೆ ನೋಡುತ್ತಾಳೆ. ಅದಕ್ಕೇ ಬರೆಯುತ್ತಾ ಕೂತಿದ್ದೇನೆ, ಇನ್ನೂ ಏನಾದರೂ ಬರೆಯಬೇಕು, ಇನ್ನೂ