ಅಪ್ಪ ನಡೆದ ಗಡಿ

ಏಪ್ರಿಲ್ ೨೩, ೧೭೦೦

ಬೆಳಗಿನ ಪ್ರಾರ್ಥನೆಗೆ ಏಳು ಜನ. ಮೇಣದಬತ್ತಿ ಮುಗಿಯುತ್ತ ಬಂದಿದೆ. ಆಮೇಲೆ ಆಜ್ಞೆಯ ಕಾಗದ ಬಂತು. ವಿಯೆನ್ನಾದ ಚಕ್ರವರ್ತಿಗೂ ಇಸ್ತಾಂಬುಲಿನ ಸುಲ್ತಾನನಿಗೂ ಸಂಧಿಯಾಗಿದೆಯಲ್ಲ, ಗಡಿ ಗುರುತಿಸಲು ಎರಡೂ ಕಡೆಯ ಅಧಿಕಾರಿಗಳು ಬರುತ್ತಾರಂತೆ. ಹದಿನಾರು ವರ್ಷ ಹೊಡೆದಾಡಿದರು. ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಸಾವು ಅನ್ನುತ್ತಾರೆ — ನನ್ನ ಇಬ್ಬರು ಗಂಡುಮಕ್ಕಳು ಹೋದರು. ಈಗ ಗಿಡದ ಬುಡ ಯಾರದೆಂದು ಅಳೆಯುತ್ತಾರೆ.

ಚಕ್ರವರ್ತಿಯ ಪಾಲಿಗೆ ಬಂದ ನಮ್ಮೂರಿನ ಹಳೆಯ ಎಲ್ಲೆಯೇ ಇನ್ನು ಎರಡು ಸಾಮ್ರಾಜ್ಯಗಳ ಗಡಿ; ಬ್ರೆಸ್ತ್ ಊರು ಅದರ ಒಳಗೋ ಹೊರಗೋ ಎಂಬುದೇ ವ್ಯಾಜ್ಯ. ಅದನ್ನು ಬಲ್ಲವನು ನಮ್ಮ ಕಡೆ ಉಳಿದಿರುವುದು ನನ್ನಪ್ಪ ವುಕಾಶಿನ್ ಒಬ್ಬನೇ. ಎಂಬತ್ತೊಂದು ವರ್ಷ. ಪದ್ಧತಿಯಂತೆ ತಲೆಯ ಮೇಲೆ ಮಣ್ಣಿನ ಹೆಂಟೆ ಹೊತ್ತು, ಆಣೆಯಿಟ್ಟು ನಡೆಯಬೇಕು. ಅವನು ನಡೆದದ್ದೇ ಗಡಿ. ಆಣೆ ಮಾಡಿಸುವ ಪಾದ್ರಿ ನಾನೇ.

ಬ್ರೆಸ್ತ್ ಇರುವುದು ಹಳ್ಳದಾಚೆ. ಉಳಿದಿರುವ ಒಬ್ಬಳೇ ಮಗಳು ಯೆರಿನಾಳನ್ನು ಅಲ್ಲಿಗೇ ಕೊಟ್ಟಿದ್ದೇನೆ. ಬಸುರಿ. ಬ್ರೆಸ್ತ್ ಸುಲ್ತಾನನ ಪಾಲಾದರೆ ಅವಳ ಮುಖ ನೋಡುವ ಹಾಗಿಲ್ಲ. ಗಡಿ ದಾಟಿದವರಿಗೆ ಗುಂಡು ಎಂದು ಕಾಗದದಲ್ಲೇ ಇದೆ.

ಏಪ್ರಿಲ್ ೨೬

ಮುರಾತ್ ಆಗಾ ಬಂದಿದ್ದ. ಸುಲ್ತಾನನ ಕಡೆಯ ಜಮೀನ್ದಾರ, ಬ್ರೆಸ್ತ್ ತನ್ನದೆನ್ನುತ್ತಾನೆ. ಅಪ್ಪನಿಗೆ ತಂಬಾಕು, ಹೊಸ ಮೆಟ್ಟು ಕೊಟ್ಟುಹೋದ. ತಮ್ಮ ಕಡೆಯ ಸಾಕ್ಷಿಯೇ ಬೇಡ, ವುಕಾಶಿನ್ ನಡೆದರೆ ಸಾಕು ಎಂದು ಹೇಳಿದವನೂ ಅವನೇ ಅಂತೆ. ಯಾಕೆ? ಕೇಳಿದರೆ ಚಿಕ್ಕಂದಿನ ಸ್ನೇಹ ಅಂದ ಅಪ್ಪ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕಾಣುತ್ತದೆ ನನಗೆ.

ಮೇ ೨

ಅಧಿಕಾರಿಗಳು ಬಂದರು. ಯಾರ ಡೇರೆ ಎತ್ತರ ಎಂದು ಅರ್ಧ ದಿನ ಜಗಳ. ಇವರು ಕೂರುವವರೆಗೆ ಅವರು ಕೂರರು, ಅವರು ಕೂರುವವರೆಗೆ ಇವರು ಕೂರರು.

ಅಪ್ಪ ದಿನಾ ಬೆಳಿಗ್ಗೆ ಒಬ್ಬನೇ ಹಳ್ಳ ದಾಟುತ್ತಾನೆ. ಇಂದು ಹಿಂಬಾಲಿಸಿದೆ. ಯೆರಿನಾಳ ಅಂಗಳದಲ್ಲಿ ನಿಂತು ಆಚೆಯ ಗುಡ್ಡ ನೋಡುತ್ತಿದ್ದ. ಅವನು ಹೋದ ಮೇಲೆ ಅವಳನ್ನು ಕೇಳಿದೆ. ಹೆರಿಗೆ ಯಾವಾಗ ಎಂದು ವಿಚಾರಿಸಿದನಂತೆ, ಅಷ್ಟೇ. ನಂಬಲಿಲ್ಲ. ಹೆತ್ತ ಮಗಳನ್ನೂ ನಂಬದ ಹಾಗಾದೆ.

ಮೇ ೫, ಬೆಳಿಗ್ಗೆ ಆರು

ಅಪ್ಪ ಮುಖ ತೊಳೆಯಲು ಹೋದಾಗ ಹೊಸ ಮೆಟ್ಟುಗಳ ಒಳಗೆ ತಡಕಿದೆ. ಆಗಾನ ಹೊಲದ ಮಣ್ಣು ತುಂಬಿಕೊಂಡು, 'ನಾನು ನಿಂತಿರುವುದು ಆಗಾನ ನೆಲ' ಎಂದು ಆಣೆಯಿಟ್ಟವರ ಕಥೆ ಕೇಳಿದ್ದೇನೆ. ಏನೂ ಇರಲಿಲ್ಲ. ತಲೆಯೆತ್ತಿದರೆ ಅಪ್ಪ ಬಾಗಿಲಲ್ಲಿ.

"ಹುಡುಕಿದ್ದು ಮುಗೀತಾ, ಪಾದ್ರಿಗಳೇ?"

ಯಾವತ್ತೂ ನನ್ನನ್ನು ಹಾಗೆ ಕರೆದವನಲ್ಲ. ನಾಚಿಕೆಯಾಯಿತು. ಅನುಮಾನ ಮಾತ್ರ ಹೋಗಲಿಲ್ಲ.

ಅದೇ ದಿನ, ಸಂಜೆ

ನಾನೇ ಹೆಂಟೆ ಎತ್ತಿ ತಲೆಯ ಮೇಲಿಟ್ಟೆ. ಅಪ್ಪ ಗಟ್ಟಿಯಾಗಿ ಹೇಳಿದ: "ಸುಳ್ಳು ನಡೆದ್ರೆ ವರ್ಷದೊಳಗೆ ಈ ಮಣ್ಣು ನನ್ನ ತಿನ್ಲಿ. ನಾನು ತಪ್ಪಿಸ್ಕೊಂಡ್ರೆ ನನ್ನ ಕುಡೀನ ತಿನ್ಲಿ."

ಹಳ್ಳದ ಈಚೆಗೇ ತಿರುಗುತ್ತಾನೆಂದುಕೊಂಡೆ. ತಿರುಗಲಿಲ್ಲ. ನೀರಿಗಿಳಿದ. ಬ್ರೆಸ್ತನ್ನು ಬಳಸಿ ಆಚೆಯ ಗುಡ್ಡ ಹತ್ತಿದ. ಅಲ್ಲೇ ಗಡಿಯ ದಿಬ್ಬ ಹಾಕಿದರು. ಬ್ರೆಸ್ತ್ ನಮ್ಮದು. ಯೆರಿನಾ ನಮ್ಮವಳು!

ಆಗಾ ಜಗಳವಾಡಲಿಲ್ಲ. ಮುಖ ಕಪ್ಪಿಟ್ಟಿತ್ತು. "ನೀನು ಸುಳ್ಳಾಡೋನಲ್ಲ ವುಕಾಶಿನ್, ಅದಕ್ಕೇ ನಿನ್ನೇ ಕೇಳಿದ್ದು" ಎಂದಷ್ಟೇ ಹೇಳಿ ಕುದುರೆ ಹತ್ತಿದ. ಅಪ್ಪ ಅವನತ್ತ ನೋಡಲಿಲ್ಲ. ಯಾಕೆ ನೋಡಲಿಲ್ಲ?

ಮೇ ೬

ಅಪ್ಪನ ಪಾಪನಿವೇದನೆಯನ್ನು ಬರೆದಿಡಬಾರದು. ಬರೆಯುತ್ತಿದ್ದೇನೆ.

ನಿಜವಾದ ಎಲ್ಲೆ ಹಳ್ಳವೇ ಅಂತೆ. ಅಪ್ಪನ ಅಪ್ಪನ ಕಾಲದಿಂದಲೂ.

"ಮೊಮ್ಮಕ್ಕಳಿಬ್ರನ್ನ ಯುದ್ಧಕ್ಕೆ ಕೊಟ್ಟಾಯ್ತು. ಇವಳನ್ನ ಶಾಂತಿಗೆ ಕೊಡ್ಲಾ?"

ಕ್ಷಮೆಯ ಪ್ರಾರ್ಥನೆಗೆ ಕೈಯೆತ್ತಿದೆ. ಹಿಡಿದುಕೊಂಡ. "ಬೇಡ ಮಗಾ. ನಂಗೆ ಕ್ಷಮೆ ಸಿಕ್ರೆ ನಾನು ತಪ್ಪಿಸ್ಕೊಂಡ ಹಾಗೆ, ಆಣೆ ಅವಳ ಹೊಟ್ಟೇಲಿರೋ ಮಗೂನ ಹುಡ್ಕೊಂಡು ಹೋಗುತ್ತೆ. ಅದು ಹುಟ್ಟೋದ್ರೊಳಗೆ ನಾನು ಮಣ್ಣಿಗೆ ಹೋಗ್ಬೇಕು."

ಇವನನ್ನೇ ನಾನು ಒಂದು ಹಿಡಿ ತಂಬಾಕಿಗೆ ಮಾರಿಹೋದವನು ಎಂದುಕೊಂಡಿದ್ದು.

ಜೂನ್ ೧೯

ಅಪ್ಪ ಊಟ ಬಿಟ್ಟು ವಾರವಾಯಿತು. ಯೆರಿನಾ ದಿನಾ ಹಳ್ಳ ದಾಟಿ ಬಿಸಿ ಸಾರು ತರುತ್ತಾಳೆ. ತಡೆಯುವವರಿಲ್ಲ. ತಾತನಿಗೆ ನನ್ನ ಮೇಲೆ ಸಿಟ್ಟಾ ಎಂದು ಕೇಳಿದಳು. ಅವನು ಗೋಡೆಗೆ ತಿರುಗಿ ಮಲಗುತ್ತಾನೆ. ಅವಳು ಹೋದ ಮೇಲೆ ಅಳುತ್ತಾನೆ.

ಈ ಆಣೆಗೀಣೆ ನಾನು ನಂಬುವುದಿಲ್ಲ. ದೇವರು ಅಷ್ಟು ಸಣ್ಣವನಲ್ಲ. ಅಪ್ಪನಿಗೂ ಹೇಳಿದೆ. ನೀನು ಆ ಮಣ್ಣು ಹೊತ್ತಿಲ್ಲ ಅಂದ.

ಜುಲೈ ೮, ಬೆಳಿಗ್ಗೆ ಒಂಬತ್ತು

ಯೆರಿನಾಳಿಗೆ ಮುಂಜಾವಿನಿಂದ ನೋವು. ಹೆಂಡತಿ ಅಲ್ಲಿದ್ದಾಳೆ, ನಾನು ಇಲ್ಲಿ. ಅಪ್ಪನಿಗೆ ಮಾತು ನಿಂತಿದೆ. ಉಸಿರು ಬರುತ್ತದೆ… ನಿಲ್ಲುತ್ತದೆ…

ಕ್ಷಮೆಯಿಲ್ಲದೆ ಕಳಿಸಲು ನನ್ನಿಂದ ಆಗಲಿಲ್ಲ. ಹಣೆ ಮುಟ್ಟಿ ಪ್ರಾರ್ಥನೆ ಹೇಳಿಬಿಟ್ಟೆ. ಬೇಡವೆಂದು ತಲೆ ಅಲ್ಲಾಡಿಸುವ ಶಕ್ತಿ ಅವನಲ್ಲಿರಲಿಲ್ಲ. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು.

ಹತ್ತೂಕಾಲು

ಅಪ್ಪ ಹೋದ.

ಹೆರಿಗೆ ಇನ್ನೂ ಆಗಿರಲಿಕ್ಕಿಲ್ಲ. ಆಗಿರಬಾರದು. ನಂಬುವುದಿಲ್ಲ ಎಂದು ಬರೆದವನು ನಾನೇ.

ಹೆಂಡತಿ ಹಳ್ಳ ದಾಟಿ ಬರುತ್ತಿದ್ದಾಳೆ. ಒಬ್ಬಳೇ. ಓಡುತ್ತಿಲ್ಲ. ಒಳ್ಳೆಯ ಸುದ್ದಿಯಾಗಿದ್ದರೆ ದೂರದಿಂದಲೇ ಕೂಗುವವಳು. ಬೇಲಿ ದಾಟಿದಳು. ಅವಳು ಬಾಯಿ ತೆರೆಯುವ ಮೊದಲೇ, ಅಪ್ಪನಿಗೆ ಕ್ಷಮೆ ಕೊಟ್ಟುಬಿಟ್ಟೆ ಎಂದು ನಾನೇ ಹೇಳಿಬಿಡಬೇಕು —